ಎಕ್ಲಿಪ್ಸ್ ಕಾಮಿಕ್ಸ್‌ನ ಏಳು-ಬೀಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಎಕ್ಲಿಪ್ಸ್ ಕಾಮಿಕ್ಸ್ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಬಾಗಿಲು ಹಾಕಿದ್ದು 1990ರ ದಶಕದ ನಡುವಿನಲ್ಲಿ. ಈ ಸಣ್ಣ ಪ್ರಕಾಶನ ಕಾಮಿಕ್ಸ್ ಬರೆಯುವವರ ಮತ್ತು ಬಿಡಿಸುವವರ ಹಕ್ಕಿನ ವಿಷಯದಲ್ಲಿ ಹಾಕಿಕೊಟ್ಟ ದಾರಿಯಲ್ಲೇ ಇಂದು ಆ ಉದ್ಯಮದ ದೊಡ್ಡ ಭಾಗ ನಡೆಯುತ್ತಿದೆ. ಹಾಗಿದ್ದರೂ ಅದರ ಹೆಸರು ಈಗ ನೆನಪಾಗುವುದು ಹೆಚ್ಚಾಗಿ ‘ಮಿರಾಕಲ್‌ಮ್ಯಾನ್’ ಎಂಬ ಸರಣಿಯ ಹಕ್ಕುಸ್ವಾಮ್ಯದ ಜಗಳದ ಕಾರಣಕ್ಕೆ. ಆ ಜಗಳಕ್ಕೆ ಸಿಗಬೇಕಾದ ಜಾಗ ಈ ಪುಟದಲ್ಲೂ ಸಿಕ್ಕಿದೆ, ಆದರೆ ಸಂಸ್ಥೆ ಮಾಡಿದ ಕೆಲಸವನ್ನು ಮೊದಲು ಹೇಳಲಾಗಿದೆ.

ಎಕ್ಲಿಪ್ಸ್ ಅನ್ನು ಸ್ವತಂತ್ರ ಪ್ರಕಾಶನ ಎಂದು ಏಕೆ ಕರೆಯುತ್ತಾರೆ?

ಅಮೆರಿಕದ ಕಾಮಿಕ್ಸ್ ಮಾರುಕಟ್ಟೆಯನ್ನು ಬಹುಕಾಲದಿಂದ ಆಳುತ್ತ ಬಂದಿರುವುದು ಮಾರ್ವೆಲ್ ಮತ್ತು ಡಿಸಿ ಎಂಬ ಎರಡು ಸಂಸ್ಥೆಗಳು. ಇವೆರಡರ ಆಚೆ ನಿಂತು, ದೊಡ್ಡ ಮಾಧ್ಯಮ ಸಂಸ್ಥೆಯ ಬಂಡವಾಳವಿಲ್ಲದೆ ಪ್ರಕಟಿಸುವವರನ್ನು ಸ್ವತಂತ್ರ ಪ್ರಕಾಶಕರು ಎನ್ನುವುದು ರೂಢಿ. ಎಕ್ಲಿಪ್ಸ್ ಅನ್ನು ಕಟ್ಟಿದವರು ಡೀನ್ ಮಲೇನಿ ಮತ್ತು ಜಾನ್ ಮಲೇನಿ ಎಂಬ ಅಣ್ಣತಮ್ಮಂದಿರು. ಇವರಲ್ಲಿ ಜಾನ್ ಸಂಗೀತಗಾರರು. ಸಂಸ್ಥೆಯ ದಿನನಿತ್ಯದ ಹೊಣೆ ಹೊತ್ತು, ಕೊನೆಯವರೆಗೂ ಅದರ ಮುಖವಾಗಿ ಉಳಿದವರು ಡೀನ್. ಕೆಲಸ ಶುರುವಾದದ್ದು ನ್ಯೂಯಾರ್ಕ್‌ನ ಸ್ಟ್ಯಾಟನ್ ಐಲೆಂಡ್‌ನಲ್ಲಿ. ಮುಂದೆ ಸಂಸ್ಥೆ ಮಿಸೌರಿ ರಾಜ್ಯಕ್ಕೂ ಅಲ್ಲಿಂದ ಉತ್ತರ ಕ್ಯಾಲಿಫೋರ್ನಿಯಾದ ಗರ್ನ್‌ವಿಲ್ ಎಂಬ ಸಣ್ಣ ಊರಿಗೂ ಹೋಯಿತು.

ಆ ಕಾಲದಲ್ಲಿ ಕಾಮಿಕ್ಸ್ ಲೇಖಕರ ಮತ್ತು ಕಲಾವಿದರ ಸ್ಥಿತಿ ಹೇಗಿತ್ತು?

ಎಕ್ಲಿಪ್ಸ್ ಏಕೆ ಮುಖ್ಯ ಎಂಬುದು ಈ ಪ್ರಶ್ನೆಗೆ ಉತ್ತರ ಸಿಗದೆ ಅರ್ಥವಾಗುವುದಿಲ್ಲ. ಅಮೆರಿಕದ ಕಾಮಿಕ್ಸ್ ಉದ್ಯಮದಲ್ಲಿ ಪುಟಕ್ಕೆ ಇಷ್ಟು ಎಂದು ಕೂಲಿ ಕೊಟ್ಟು, ಕಥೆ, ಚಿತ್ರ, ಪಾತ್ರ ಎಲ್ಲವನ್ನೂ ಪ್ರಕಾಶಕರೇ ಶಾಶ್ವತವಾಗಿ ತಮ್ಮದಾಗಿಸಿಕೊಳ್ಳುವುದು ದಶಕಗಳ ಪದ್ಧತಿಯಾಗಿತ್ತು. ಸೂಪರ್‌ಮ್ಯಾನ್ ಪಾತ್ರವನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅದರ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟಿದ್ದರು. ಮುಂದೆ ಬಡತನದಲ್ಲಿ ಬದುಕಿದ ಆ ಇಬ್ಬರಿಗೆ 1975ರಲ್ಲಿ, ಸಾರ್ವಜನಿಕ ಒತ್ತಡ ಬಂದ ಮೇಲೆ, ಡಿಸಿಯ ಒಡೆತನ ಹೊಂದಿದ್ದ ವಾರ್ನರ್ ಸಂಸ್ಥೆ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಕೊಡಲು ಒಪ್ಪಿತು. 1978ರಲ್ಲಿ ಜಾರಿಗೆ ಬಂದ ಹೊಸ ಹಕ್ಕುಸ್ವಾಮ್ಯ ಕಾಯ್ದೆಯ ನಂತರ ಪ್ರಕಾಶಕರು ಇನ್ನಷ್ಟು ಎಚ್ಚರಗೊಂಡು, ಮಾಡಿದ ಕೆಲಸವೆಲ್ಲ ಸಂಸ್ಥೆಗೇ ಸೇರಿದ್ದು ಎಂಬ ಒಪ್ಪಂದಕ್ಕೆ ಕಲಾವಿದರಿಂದ ಸಹಿ ಹಾಕಿಸಿಕೊಳ್ಳತೊಡಗಿದರು.

ಹೊತ್ತಿನ ಊಟಕ್ಕೆ ದುಡಿಯುವ ಕಲಾವಿದನ ಮುಂದೆ ಆಗ ಇದ್ದದ್ದು ಎರಡೇ ದಾರಿ: ಸಹಿ ಹಾಕುವುದು, ಇಲ್ಲವೇ ಬೇರೆ ಉದ್ಯೋಗ ನೋಡಿಕೊಳ್ಳುವುದು. ಎಕ್ಲಿಪ್ಸ್ ಮೂರನೆಯ ದಾರಿಯೊಂದನ್ನು ಅವರ ಮುಂದಿಟ್ಟಿತು. ಹಕ್ಕುಸ್ವಾಮ್ಯ ಸೃಷ್ಟಿಸಿದವರದೇ ಆಗಿರುತ್ತದೆ, ಮಾರಾಟವಾದ ಪ್ರತಿಗಳ ಮೇಲೆ ಅವರಿಗೆ ರಾಯಧನ ಸಲ್ಲುತ್ತದೆ ಎಂಬುದು ಅದರ ತಿರುಳು.

ದೊಡ್ಡ ಬಂಡವಾಳವಿಲ್ಲದ ಸಂಸ್ಥೆ ಓದುಗರನ್ನು ಹೇಗೆ ತಲುಪಿತು?

ಪತ್ರಿಕೆ ಅಂಗಡಿಗಳ ಮೂಲಕ ಮಾರುವಾಗ ಮಾರಾಟವಾಗದ ಪ್ರತಿಗಳನ್ನು ಅಂಗಡಿಯವರು ಹಿಂದಿರುಗಿಸಬಹುದಿತ್ತು. ಹತ್ತು ಪ್ರತಿ ಮಾರಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಅಚ್ಚು ಹಾಕಬೇಕು, ಉಳಿದದ್ದು ರದ್ದಿಗೆ ಹೋಗುವುದನ್ನು ಸಹಿಸಿಕೊಳ್ಳಬೇಕು. ಸಣ್ಣವರಿಗೆ ಇದು ಆಗದ ಮಾತು. 1970ರ ದಶಕದಲ್ಲಿ ಫಿಲ್ ಸೂಲಿಂಗ್ ಎಂಬ ವಿತರಕರು ಬೇರೊಂದು ಪದ್ಧತಿ ತಂದರು. ಕಾಮಿಕ್ಸ್ ಮಾತ್ರ ಮಾರುವ ವಿಶೇಷ ಅಂಗಡಿಗಳು ಮುಂಚಿತವಾಗಿಯೇ ಬೇಡಿಕೆ ಸಲ್ಲಿಸಿ, ಹೆಚ್ಚಿನ ರಿಯಾಯಿತಿಗೆ ಪ್ರತಿಗಳನ್ನು ಕೊಳ್ಳುತ್ತವೆ. ಅದಕ್ಕೆ ಪ್ರತಿಯಾಗಿ, ಉಳಿದ ಪ್ರತಿಗಳನ್ನು ಹಿಂದಿರುಗಿಸುವಂತಿಲ್ಲ. ನೇರ ಮಾರುಕಟ್ಟೆ ಎಂದು ಹೆಸರಾದ ಈ ಏರ್ಪಾಟಿನಲ್ಲಿ ಎಷ್ಟು ಪ್ರತಿ ಹೋಗುತ್ತದೆ ಎಂಬುದು ಅಚ್ಚಿಗೆ ಮೊದಲೇ ಪ್ರಕಾಶಕರಿಗೆ ಗೊತ್ತಿರುತ್ತದೆ. ಎಕ್ಲಿಪ್ಸ್ ಬದುಕಿದ್ದು ಬಹುಮಟ್ಟಿಗೆ ಇದರ ಮೇಲೆ. ಕೊನೆಗೆ ಅದು ಈ ಮಾರುಕಟ್ಟೆಯ ಏರಿಳಿತಕ್ಕೇ ಸಿಕ್ಕಿಬಿದ್ದಿತು.

ಸಂಸ್ಥೆಯ ಮೊದಲ ಪುಸ್ತಕ ಯಾವುದು? ಅದರ ವಿಶೇಷವೇನು?

1978ರಲ್ಲಿ ಬಂದ ‘ಸೇಬರ್’. ಡಾನ್ ಮೆಗ್ರೆಗರ್ ಬರೆದು ಪಾಲ್ ಗುಲೇಸಿ ಚಿತ್ರ ಬಿಡಿಸಿದ ಈ ಕೃತಿ ಕಪ್ಪು-ಬಿಳುಪಿನದು. ಕುಸಿದುಹೋದ ಭವಿಷ್ಯದ ಜಗತ್ತಿನಲ್ಲಿ ಹೋರಾಡುವ ಕಪ್ಪು ವರ್ಣೀಯ ನಾಯಕನೊಬ್ಬನ ಕಥೆ ಅದು. ಸಾಮಾನ್ಯ ಕಾಮಿಕ್ಸ್ ಸಂಚಿಕೆಯೊಂದಕ್ಕೆ ಸುಮಾರು 35 ಸೆಂಟ್ ಇದ್ದ ಕಾಲದಲ್ಲಿ ಒಳ್ಳೆಯ ಕಾಗದದ ಮೇಲೆ ಅಚ್ಚಾಗಿ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆಗೆ, ವಿಶೇಷ ಅಂಗಡಿಗಳಲ್ಲಿ ಮಾತ್ರ ಸಿಗುವಂತೆ ಅದನ್ನು ತಂದದ್ದು ದೊಡ್ಡ ಧೈರ್ಯ. ನೇರ ಮಾರುಕಟ್ಟೆಗೆಂದೇ ಸಿದ್ಧವಾದ ಮೊದಲ ಗ್ರಾಫಿಕ್ ಕಾದಂಬರಿಗಳಲ್ಲಿ (ಪುಸ್ತಕದ ರೂಪದ ಚಿತ್ರಕಥೆಗಳಲ್ಲಿ) ಒಂದೆಂದು ಅದನ್ನು ಗುರುತಿಸುತ್ತಾರೆ. ವಿಲ್ ಐಸ್ನರ್ ಅವರ ಹೆಸರಾಂತ ‘ಎ ಕಾಂಟ್ರ್ಯಾಕ್ಟ್ ವಿತ್ ಗಾಡ್’ ಬಂದದ್ದು ಅದೇ ವರ್ಷ, ಇದಾದ ಕೆಲವು ತಿಂಗಳಿಗೆ. ‘ಸೇಬರ್’ ಹೊಸ ಮುದ್ರಣ ಕಂಡಿತು. ಕಲಾವಿದರಿಗೆ ಹಕ್ಕು ಬಿಟ್ಟುಕೊಟ್ಟೂ ಪ್ರಕಾಶನ ನಡೆಸಬಹುದು ಎಂಬುದಕ್ಕೆ ಮಲೇನಿ ಸಹೋದರರ ಕೈಗೆ ಸಿಕ್ಕ ಮೊದಲ ಸಾಕ್ಷಿ ಅದು.

‘ಡಿಸ್ಟ್ರಾಯರ್ ಡಕ್’ ಬಗ್ಗೆ ಇಷ್ಟೊಂದು ಮಾತು ಏಕೆ?

ಸ್ಟೀವ್ ಗರ್ಬರ್ ಎಂಬ ಲೇಖಕರು ತಾವು ಸೃಷ್ಟಿಸಿದ ‘ಹೋವರ್ಡ್ ದ ಡಕ್’ ಪಾತ್ರದ ಒಡೆತನಕ್ಕಾಗಿ ಮಾರ್ವೆಲ್ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. ವಕೀಲರ ಶುಲ್ಕಕ್ಕೆ ಹಣ ಬೇಕಿತ್ತು. 1982ರಲ್ಲಿ ಎಕ್ಲಿಪ್ಸ್ ಅವರ ನೆರವಿಗೆ ‘ಡಿಸ್ಟ್ರಾಯರ್ ಡಕ್’ ಎಂಬ ಸಂಚಿಕೆಯನ್ನು ಹೊರತಂದಿತು. ಕಥೆ ಗರ್ಬರ್ ಅವರದು, ಚಿತ್ರ ಜ್ಯಾಕ್ ಕರ್ಬಿ ಅವರದು. ಮಾರ್ವೆಲ್‌ನ ಮುಖ್ಯ ಪಾತ್ರಗಳಲ್ಲಿ ಅನೇಕವನ್ನು ಕಟ್ಟಿದ, ಅದರ ಫಲ ತಮಗೆ ದಕ್ಕದೆ ನೊಂದಿದ್ದ ಕರ್ಬಿ ಇನ್ನೊಬ್ಬ ಸೃಷ್ಟಿಕರ್ತನಿಗಾಗಿ ಸಂಭಾವನೆ ಇಲ್ಲದೆ ಪುಟಗಳನ್ನು ಬಿಡಿಸಿಕೊಟ್ಟರು. ಸಂಚಿಕೆಯಲ್ಲಿ ಕೈಜೋಡಿಸಿದ ಉಳಿದವರೂ ಕೆಲಸವನ್ನು ದಾನವಾಗಿಯೇ ಕೊಟ್ಟರು. ಸರ್ಜಿಯೊ ಅರಾಗೊನೆಸ್ ಅವರ ‘ಗ್ರೂ’ ಪಾತ್ರ ಮೊದಲ ಬಾರಿಗೆ ಅಚ್ಚಾದದ್ದೂ ಇದೇ ಸಂಚಿಕೆಯಲ್ಲಿ. ಗರ್ಬರ್ ಅವರ ಮೊಕದ್ದಮೆ ಕಡೆಗೆ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು.

ಎಕ್ಲಿಪ್ಸ್ ಎಷ್ಟೋ ಒಳ್ಳೆಯ ಕೃತಿಗಳನ್ನು ಪ್ರಕಟಿಸಿದೆ. ಸಂಸ್ಥೆಯ ಗುಣವನ್ನು ಒಂದೇ ಪುಸ್ತಕದಿಂದ ತೋರಿಸಬೇಕೆಂದರೆ ಮಾತ್ರ ಇದನ್ನೇ ತೋರಿಸಬೇಕು.

ಕ್ಯಾಟ್ ಐರನ್‌ವುಡ್ ಯಾರು?

ಸಂಸ್ಥೆಯ ಪ್ರಧಾನ ಸಂಪಾದಕಿ. ಎಕ್ಲಿಪ್ಸ್ ಸೇರುವ ಮೊದಲೇ ಅವರು ವಿಲ್ ಐಸ್ನರ್ ಅವರ ಕೃತಿಗಳ ಪಟ್ಟಿ ಸಿದ್ಧಪಡಿಸುವ ಕೆಲಸ ಮಾಡಿದ್ದರು, ಕಾಮಿಕ್ಸ್ ಉದ್ಯಮದ ಸುದ್ದಿಪತ್ರಿಕೆಯೊಂದರಲ್ಲಿ ಜನಪ್ರಿಯ ಅಂಕಣ ಬರೆಯುತ್ತಿದ್ದರು. ಸಂಚಿಕೆಗಳ ಮುನ್ನುಡಿ, ಓದುಗರ ಪತ್ರಗಳ ಪುಟ, ವಿವಾದ ಎದ್ದಾಗ ಸಂಸ್ಥೆಯ ಪರವಾದ ಮಾತು, ಎಲ್ಲದರಲ್ಲೂ ಅವರ ಕೈ ಕಾಣುತ್ತದೆ. ಡೀನ್ ಮತ್ತು ಅವರು ಬಾಳಸಂಗಾತಿಗಳೂ ಆಗಿದ್ದು 1987ರಲ್ಲಿ ಮದುವೆಯಾದರು. ಸಂಸಾರ ಮತ್ತು ಸಂಸ್ಥೆ ಹೀಗೆ ಒಂದೇ ಸೂರಿನಡಿ ಸೇರಿಕೊಂಡದ್ದು ಒಳ್ಳೆಯ ದಿನಗಳಲ್ಲಿ ಬಲವೇ ಆಗಿತ್ತು.

ಏಳಿಗೆಯ ವರ್ಷಗಳಲ್ಲಿ ಬಂದ ಮುಖ್ಯ ಕೃತಿಗಳು ಯಾವುವು?

1984ರಲ್ಲಿ ಸ್ಯಾನ್ ಡಿಯಾಗೊದ ಪೆಸಿಫಿಕ್ ಕಾಮಿಕ್ಸ್ ಮುಳುಗಿತು. ಅದೂ ಹಕ್ಕುಗಳನ್ನು ಸೃಷ್ಟಿಕರ್ತರಿಗೆ ಬಿಡುತ್ತಿದ್ದ ಪ್ರಕಾಶನವೇ. ಅಲ್ಲಿ ಅರ್ಧಕ್ಕೆ ನಿಂತ ಹಲವು ಕೃತಿಗಳು ಎಕ್ಲಿಪ್ಸ್‌ಗೆ ಬಂದವು. ಅದೇ ವರ್ಷ ಸ್ಕಾಟ್ ಮೆಕ್ಲೌಡ್ ಎಂಬ ಯುವಕನ ‘ಜಾಟ್!’ ಆರಂಭವಾಯಿತು. ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರಿಂದ ಕಲಿತ ಕಥನದ ಲಯವನ್ನು ಅಮೆರಿಕದ ಓದುಗರಿಗೆ ಮೊದಲು ಉಣಬಡಿಸಿದವರಲ್ಲಿ ಅವರೊಬ್ಬರು. ಮೊದಲ ಹತ್ತು ಸಂಚಿಕೆ ಬಣ್ಣದಲ್ಲಿ ಬಂದವು. ಬಿಡುವಿನ ನಂತರ 1987ರಲ್ಲಿ ಕಪ್ಪು-ಬಿಳುಪಿಗೆ ತಿರುಗಿದ ಸರಣಿ 36ನೆಯ ಸಂಚಿಕೆಗೆ ಮುಗಿಯಿತು. ಕೊನೆಯ ಭಾಗದಲ್ಲಿ ಸಾಹಸ ಹಿಂದೆ ಸರಿದು, ಹದಿಹರೆಯದ ಹುಡುಗ ಹುಡುಗಿಯರ ದಿನನಿತ್ಯದ ಬದುಕೇ ಕಥೆಯಾಗುತ್ತದೆ. ಅಷ್ಟು ಸೂಕ್ಷ್ಮವಾಗಿ ಆ ವಯಸ್ಸನ್ನು ಹಿಡಿದ ಸರಣಿ ಆ ಕಾಲದ ಅಮೆರಿಕದ ಕಾಮಿಕ್ಸ್‌ನಲ್ಲಿ ಅಪರೂಪ.

ಟಿಮ್ ಟ್ರೂಮನ್ ಅವರ ‘ಸ್ಕೌಟ್’, ಮಾರ್ಕ್ ಇವೇನಿಯರ್ ಅವರ ‘ಡಿಎನ್‌ಏಜೆಂಟ್ಸ್’ ಮತ್ತು ‘ಕ್ರಾಸ್‌ಫೈರ್’, ಡಗ್ ಮೆಂಚ್ ಅವರ ‘ಆಜ್ಟೆಕ್ ಏಸ್’ ಇದೇ ವರ್ಷಗಳವು. ಮ್ಯಾಕ್ಸ್ ಅಲನ್ ಕಾಲಿನ್ಸ್ ಮತ್ತು ಟೆರಿ ಬೀಟಿ ಅವರ ಪತ್ತೇದಾರಿಣಿ ‘ಮಿಸ್ ಟ್ರೀ’ ಮೊದಲು ಕಾಣಿಸಿಕೊಂಡದ್ದು ಎಕ್ಲಿಪ್ಸ್‌ನ ನಿಯತಕಾಲಿಕದಲ್ಲಿ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಚಾಲಕ ನಾಯಕ ‘ಏರ್‌ಬಾಯ್’ ಅನ್ನು 1986ರಲ್ಲಿ ಚಕ್ ಡಿಕ್ಸನ್ ಅವರ ಬರವಣಿಗೆಯಲ್ಲಿ ಮತ್ತೆ ತಂದಾಗ ಸಂಸ್ಥೆ ಒಂದು ಪ್ರಯೋಗ ಮಾಡಿತು: ಪುಟ ಕಡಿಮೆ ಮಾಡಿ, ಬೆಲೆಯನ್ನು 50 ಸೆಂಟ್‌ಗೆ ಇಳಿಸಿ, ತಿಂಗಳಿಗೊಂದರ ಬದಲು ಎರಡು ವಾರಕ್ಕೊಂದು ಸಂಚಿಕೆ ಕೊಟ್ಟಿತು. ಬೆಲೆ ಏರುತ್ತಲೇ ಇದ್ದ ಮಾರುಕಟ್ಟೆಯಲ್ಲಿ ಎದುರು ದಿಕ್ಕಿಗೆ ಇಟ್ಟ ಈ ಹೆಜ್ಜೆ ಓದುಗರಿಗೆ ಹಿಡಿಸಿತು, ಸರಣಿ 50 ಸಂಚಿಕೆ ಕಂಡಿತು. 1989ರಲ್ಲಿ ಟೋಲ್ಕಿನ್ ಅವರ ‘ದ ಹಾಬಿಟ್’ ಕಾದಂಬರಿ ಡೇವಿಡ್ ವೆಂಜೆಲ್ ಅವರ ಜಲವರ್ಣ ಚಿತ್ರಗಳೊಂದಿಗೆ ಮೂರು ಭಾಗಗಳಲ್ಲಿ ಬರತೊಡಗಿತು. ಸಂಸ್ಥೆ ಹೋದ ಮೇಲೂ ಆ ರೂಪಾಂತರ ಬೇರೆ ಪ್ರಕಾಶಕರಲ್ಲಿ ಮರುಮುದ್ರಣಗೊಳ್ಳುತ್ತಲೇ ಬಂದಿದೆ.

1986ರ ಪ್ರವಾಹದಿಂದ ಆದ ನಷ್ಟ ಎಷ್ಟು ದೊಡ್ಡದು?

1986ರ ಫೆಬ್ರವರಿಯಲ್ಲಿ ರಷ್ಯನ್ ನದಿ ಉಕ್ಕಿ ಹರಿದು ಗರ್ನ್‌ವಿಲ್ ಮುಳುಗಿತು. ಎಕ್ಲಿಪ್ಸ್‌ನ ಕಚೇರಿಗೆ ನೀರು ನುಗ್ಗಿ, ದಾಸ್ತಾನಿದ್ದ ಹಳೆಯ ಸಂಚಿಕೆಗಳು ನಾಶವಾದವು.

ಹಳೆಯ ಸಂಚಿಕೆಗಳು ಹೋದರೆ ಏನಾಯಿತು, ಹೊಸದು ಅಚ್ಚಾಗುತ್ತಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಸಣ್ಣ ಪ್ರಕಾಶನದ ಲೆಕ್ಕ ಬೇರೆಯೇ. ಹೊಸ ಸಂಚಿಕೆಯಿಂದ ಬಂದ ಹಣ ಮುದ್ರಣಾಲಯಕ್ಕೆ, ಕಲಾವಿದರಿಗೆ, ಸಾಗಣೆಗೆ ಹೋಗಿಬಿಡುತ್ತದೆ. ದಾಸ್ತಾನಿನಲ್ಲಿರುವ ಹಳೆಯ ಪ್ರತಿಗಳ ಖರ್ಚು ಮಾತ್ರ ಆಗಲೇ ತೀರಿಹೋಗಿರುತ್ತದೆ, ಅವು ಒಂದೊಂದಾಗಿ ಮಾರಾಟವಾದಂತೆ ಬರುವುದು ಹೆಚ್ಚಿನಂಶ ಉಳಿತಾಯವೇ. ಸರಣಿಯನ್ನು ನಡುವಿನಲ್ಲಿ ಓದಲು ಶುರುಮಾಡಿದವರು ಹಿಂದಿನ ಸಂಚಿಕೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುತ್ತಾರೆ. ಕಷ್ಟದ ತಿಂಗಳಲ್ಲಿ ಕೈಹಿಡಿಯುವ ಹಣ ಅದು. ಎಕ್ಲಿಪ್ಸ್ ಕಳೆದುಕೊಂಡದ್ದು ಈ ಆಸರೆಯನ್ನು.

ಪ್ರವಾಹದ ಗುರುತು ಅಚ್ಚಿನಲ್ಲೂ ಉಳಿದಿದೆ. ಅದೇ ವರ್ಷದ ‘ಮಿರಾಕಲ್‌ಮ್ಯಾನ್’ 8ನೆಯ ಸಂಚಿಕೆಯಲ್ಲಿ ಮುಂದುವರಿಯಬೇಕಿದ್ದ ಕಥೆಯ ಬದಲು 1950ರ ದಶಕದ ಹಳೆಯ ಕಥೆಗಳಿವೆ. ಅಷ್ಟಾದರೂ ಸಂಸ್ಥೆ ಆ ವರ್ಷ ನಿಲ್ಲಲಿಲ್ಲ. ಮುಂದಿನ ಎರಡು ಮೂರು ವರ್ಷ ಅದರ ಅತ್ಯಂತ ಚುರುಕಿನ ವರ್ಷಗಳು.

‘ಮಿರಾಕಲ್‌ಮ್ಯಾನ್’ ಎಂದರೆ ಏನು? ಅದು ಎಕ್ಲಿಪ್ಸ್‌ಗೆ ಬಂದದ್ದು ಹೇಗೆ?

ಈ ಪಾತ್ರದ ಹುಟ್ಟೇ ಒಂದು ಹಕ್ಕಿನ ಜಗಳದ ಫಲ. ಕ್ಯಾಪ್ಟನ್ ಮಾರ್ವೆಲ್ ಎಂಬ ಅಮೆರಿಕದ ಪಾತ್ರದ (ಇದು ಮಾರ್ವೆಲ್ ಸಂಸ್ಥೆಯದಲ್ಲ) ಕಥೆಗಳನ್ನು ಬ್ರಿಟನ್‌ನಲ್ಲಿ ಲೆನ್ ಮಿಲ್ಲರ್ ಎಂಬ ಪ್ರಕಾಶಕರು ಮರುಮುದ್ರಿಸುತ್ತಿದ್ದರು. ಸೂಪರ್‌ಮ್ಯಾನ್‌ನ ನಕಲು ಎಂಬ ದೀರ್ಘ ಮೊಕದ್ದಮೆ ರಾಜಿಯಾಗಿ ಮೂಲ ಸರಣಿ ನಿಂತುಹೋದಾಗ, ಆ ಜಾಗ ತುಂಬಲು ಮಿಕ್ ಆಂಗ್ಲೊ 1954ರಲ್ಲಿ ‘ಮಾರ್ವೆಲ್‌ಮ್ಯಾನ್’ ಎಂಬ ಪಾತ್ರವನ್ನು ಸೃಷ್ಟಿಸಿದರು. 1982ರಲ್ಲಿ ಡೆಜ್ ಸ್ಕಿನ್ ಅವರ ‘ವಾರಿಯರ್’ ಪತ್ರಿಕೆಯಲ್ಲಿ ಅಲನ್ ಮೂರ್ ಅದೇ ಪಾತ್ರವನ್ನು ಮತ್ತೆ ಎತ್ತಿಕೊಂಡರು. ನಡುವಯಸ್ಸಿಗೆ ಬಂದ, ತಾನು ಯಾರೆಂಬುದನ್ನೇ ಮರೆತ ಮನುಷ್ಯನೊಬ್ಬ ಒಂದು ದಿನ ಮಾಂತ್ರಿಕ ಪದವನ್ನು ನೆನಪಿಸಿಕೊಳ್ಳುತ್ತಾನೆ. ದೇವರಂಥ ಶಕ್ತಿಯುಳ್ಳವನೊಬ್ಬ ನಿಜವಾಗಿ ನಮ್ಮ ನಡುವೆ ಬಂದರೆ ಜಗತ್ತಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮೂರ್ ಅಲ್ಲಿಂದ ಕೊನೆಯವರೆಗೂ ಬಿಡದೆ ಬೆನ್ನಟ್ಟಿದರು.

ಪೆಸಿಫಿಕ್ ಮೂಲಕ ಅಮೆರಿಕಕ್ಕೆ ಬರಬೇಕಿದ್ದ ಈ ಕೃತಿ ಆ ಸಂಸ್ಥೆ ಮುಳುಗಿದ್ದರಿಂದ ಎಕ್ಲಿಪ್ಸ್ ಪಾಲಾಯಿತು. ಹಳೆಯ ಹೆಸರಿಗೆ ಮಾರ್ವೆಲ್ ಸಂಸ್ಥೆಯ ಆಕ್ಷೇಪವಿದ್ದ ಕಾರಣ 1985ರಲ್ಲಿ ‘ಮಿರಾಕಲ್‌ಮ್ಯಾನ್’ ಎಂಬ ಹೊಸ ಹೆಸರಿನಿಂದ ಪ್ರಕಟವಾಯಿತು. 9ನೆಯ ಸಂಚಿಕೆಯಲ್ಲಿ ಹೆರಿಗೆಯನ್ನು ಮರೆಮಾಚದೆ ಚಿತ್ರಿಸಿದ್ದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಎಕ್ಲಿಪ್ಸ್ ಮುಖಪುಟದಲ್ಲಿ ಎಚ್ಚರಿಕೆ ಹಾಕಿಯೇ ಅದನ್ನು ಹೊರತಂದಿತ್ತು, ಟೀಕೆಗೆ ಹೆದರಿ ಹಿಂದೆಗೆಯಲಿಲ್ಲ. ಮೂರ್ 16ನೆಯ ಸಂಚಿಕೆಗೆ ತಮ್ಮ ಭಾಗ ಮುಗಿಸಿ ಕಥೆಯನ್ನು ನೀಲ್ ಗೇಮನ್ ಅವರಿಗೆ ಒಪ್ಪಿಸಿದರು. ಗೇಮನ್ ಮತ್ತು ಕಲಾವಿದ ಮಾರ್ಕ್ ಬಕಿಂಗ್‌ಹ್ಯಾಮ್ ಅವರ 24ನೆಯ ಸಂಚಿಕೆ 1993ರಲ್ಲಿ ಬಂತು. 25ನೆಯದು ಬರುವ ಮೊದಲೇ ಸಂಸ್ಥೆಯೇ ನಿಂತುಹೋಯಿತು.

ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಅಮೆರಿಕಕ್ಕೆ ಬರುವಲ್ಲಿ ಎಕ್ಲಿಪ್ಸ್ ಪಾತ್ರವೇನು?

ಬಹಳ ದೊಡ್ಡದು, ಅದಕ್ಕೆ ತಕ್ಕ ಮನ್ನಣೆ ಸಿಕ್ಕಿಲ್ಲ. 1987ರಲ್ಲಿ ವಿಜ್ ಎಂಬ ಮಾಂಗಾ ಪ್ರಕಾಶನ ಸಂಸ್ಥೆಯೊಂದಿಗೆ ಸೇರಿ ಎಕ್ಲಿಪ್ಸ್ ‘ಏರಿಯಾ 88’, ‘ಮಾಯ್ ದ ಸೈಕಿಕ್ ಗರ್ಲ್’, ‘ದ ಲೆಜೆಂಡ್ ಆಫ್ ಕಮುಯಿ’ ಎಂಬ ಮೂರು ಸರಣಿಗಳನ್ನು ಎರಡು ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ತರತೊಡಗಿತು. ಮುಂದೆ ಸ್ಟುಡಿಯೊ ಪ್ರೋಟಿಯಸ್ ಅನುವಾದಿಸಿದ ‘ಆಪಲ್‌ಸೀಡ್’ ಕೂಡ ಎಕ್ಲಿಪ್ಸ್‌ನಿಂದಲೇ ಬಂತು. ಜಪಾನಿನ ಪುಸ್ತಕ ಬಲದಿಂದ ಎಡಕ್ಕೆ ಓದಿಸಿಕೊಳ್ಳುವುದರಿಂದ ಆಗ ಪ್ರತಿ ಪುಟವನ್ನೂ ಕನ್ನಡಿಯ ಬಿಂಬದಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಪರಿಣಾಮವಾಗಿ ಬಲಗೈಯಲ್ಲಿ ಕತ್ತಿ ಹಿಡಿದವರೆಲ್ಲ ಎಡಚರಾಗುತ್ತಿದ್ದರು. ಚಿತ್ರದೊಳಗೇ ಬಿಡಿಸಿದ ಜಪಾನಿ ಶಬ್ದಾನುಕರಣೆಗಳನ್ನು ಅಳಿಸಿ, ಕೆಳಗೆ ಮರೆಯಾದ ರೇಖೆಗಳನ್ನು ಮತ್ತೆ ಬಿಡಿಸಿ, ಇಂಗ್ಲಿಷ್ ಅಕ್ಷರ ಬರೆಯಬೇಕಿತ್ತು. ಕೈಯಿಂದಲೇ ಮಾಡುವ ಈ ತಾಳ್ಮೆಯ ಕೆಲಸಕ್ಕೆ ತಗಲುವ ವೆಚ್ಚವನ್ನು ಮಾರಾಟ ಎಷ್ಟೆಂದು ಗೊತ್ತಿಲ್ಲದ ಕಾಲದಲ್ಲಿ ಹೊರಲು ಮುಂದೆ ಬಂದವರು ಕೆಲವೇ ಮಂದಿ.

ಸಂಸ್ಥೆ ರಾಜಕೀಯ ವಿಷಯಗಳನ್ನೂ ಪ್ರಕಟಿಸಿತ್ತೇ?

ಹೌದು. ಜಾಯ್ಸ್ ಬ್ರಾಬ್ನರ್ ಸಂಪಾದಿಸಿದ ‘ರಿಯಲ್ ವಾರ್ ಸ್ಟೋರೀಸ್’ ಸೈನಿಕರ ನಿಜ ಅನುಭವಗಳನ್ನು ಹೇಳಿತು. ಅವರೇ ಸಂಪಾದಿಸಿದ ‘ಬ್ರಾಟ್ ಟು ಲೈಟ್’ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ನಡೆಸಿದ ರಹಸ್ಯ ಕಾರ್ಯಾಚರಣೆಗಳ ಮೇಲಿನ ಕೃತಿ. ಅದರ ಒಂದು ಭಾಗವನ್ನು ಅಲನ್ ಮೂರ್ ಮತ್ತು ಬಿಲ್ ಸಿಂಕೇವಿಚ್ ಮಾಡಿದ್ದರು.

ಇದರ ಜೊತೆಗೆ ಚಿತ್ರ ಮತ್ತು ಬರಹವಿರುವ ಸಂಗ್ರಹದ ಕಾರ್ಡುಗಳನ್ನೂ ಎಕ್ಲಿಪ್ಸ್ ತರುತ್ತಿತ್ತು. ಅಮೆರಿಕ ಸರ್ಕಾರದವರು ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿ, ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣದ ಮೇಲೊಂದು ಸರಣಿ ಬಂದಿತ್ತು. 1992ರ ‘ಟ್ರೂ ಕ್ರೈಮ್’ ಸರಣಿಯಲ್ಲಿ ಸರಣಿ ಹಂತಕರ ಮತ್ತು ದರೋಡೆಕೋರರ ಕಥೆಗಳಿದ್ದವು. ಅದು ಎಬ್ಬಿಸಿದ ಆಕ್ರೋಶ ಸಣ್ಣದಲ್ಲ. ನ್ಯೂಯಾರ್ಕ್ ರಾಜ್ಯದ ನಾಸೊ ಕೌಂಟಿ ಇಂಥ ಕಾರ್ಡುಗಳನ್ನು ಅಪ್ರಾಪ್ತರಿಗೆ ಮಾರದಂತೆ ಕಾನೂನು ಮಾಡಿತು. ಎಕ್ಲಿಪ್ಸ್ ಅದನ್ನು ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ ಪ್ರಶ್ನಿಸಿತು. ಮೇಲ್ಮನವಿ ನ್ಯಾಯಾಲಯ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಾಗ 1997 ಆಗಿತ್ತು. ಗೆದ್ದ ಸಂಸ್ಥೆ ಆಗ ಅಸ್ತಿತ್ವದಲ್ಲೇ ಇರಲಿಲ್ಲ. ಆ ಕಾರ್ಡುಗಳ ಅಭಿರುಚಿಯನ್ನು ಮೆಚ್ಚದವರು ಬಹಳ ಮಂದಿ, ಅವರ ಆಕ್ಷೇಪದಲ್ಲಿ ತಿರುಳೂ ಇದೆ. ಆದರೆ ಏನನ್ನು ಅಚ್ಚು ಹಾಕಬಹುದು ಎಂಬುದನ್ನು ಸರ್ಕಾರ ತೀರ್ಮಾನಿಸಬಾರದು ಎಂಬ ಸಂಸ್ಥೆಯ ನಿಲುವು ಅದರ ಉಳಿದ ಪ್ರಕಟಣೆಗಳಿಗೆ ಹೊಂದುವಂಥದ್ದೇ.

ಕಪ್ಪು-ಬಿಳುಪು ಕಾಮಿಕ್ಸ್‌ನ ಕುಸಿತ ಎಂದರೆ ಏನು?

1984ರಲ್ಲಿ ಇಬ್ಬರು ಯುವಕರು ಸ್ವಂತ ಖರ್ಚಿನಲ್ಲಿ ತಂದ ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’ ಊಹಿಸಲಾಗದಷ್ಟು ಯಶಸ್ಸು ಕಂಡಿತು. ಅದರ ಮೊದಲ ಸಂಚಿಕೆಯ ಬೆಲೆ ಏರಿದ್ದನ್ನು ಕಂಡವರು ಮುಂದಿನ ಗೆಲ್ಲುವ ಕುದುರೆಯನ್ನು ಹುಡುಕುತ್ತ ಹೊಸ ಕಪ್ಪು-ಬಿಳುಪು ಸಂಚಿಕೆಗಳನ್ನೆಲ್ಲ ಕಟ್ಟುಕಟ್ಟಾಗಿ ಕೊಳ್ಳತೊಡಗಿದರು. ಪ್ರಕಾಶಕರೂ ಅಷ್ಟೇ ಬೇಗ ಹೊಸ ಹೊಸ ಹೆಸರುಗಳನ್ನು ಮಾರುಕಟ್ಟೆಗೆ ಸುರಿದರು. ಎಕ್ಲಿಪ್ಸ್ ಕೂಡ ಆಮೆಗಳನ್ನು ಅಣಕಿಸುವ ಹ್ಯಾಮ್‌ಸ್ಟರ್‌ಗಳ ಸರಣಿಯೊಂದನ್ನು ತಂದಿತ್ತು. 1987ರ ಹೊತ್ತಿಗೆ ಕೊಳ್ಳುವವರು ಮಾಯವಾದರು. ಹಿಂದಿರುಗಿಸುವಂತಿಲ್ಲದ ಪ್ರತಿಗಳ ರಾಶಿಯಲ್ಲಿ ಅಂಗಡಿಗಳ ಹಣ ಸಿಕ್ಕಿಕೊಂಡಿತು, ಕೈಸುಟ್ಟುಕೊಂಡ ಅಂಗಡಿಯವರು ಸ್ವತಂತ್ರ ಪ್ರಕಾಶಕರ ಪುಸ್ತಕಗಳಿಗೆ ಬೇಡಿಕೆ ಕಡಿಮೆ ಮಾಡಿದರು. ಒಳ್ಳೆಯದು, ಕೆಟ್ಟದ್ದು ಎನ್ನದೆ ಎಲ್ಲರಿಗೂ ಆ ಏಟು ಬಿತ್ತು.

ಎಕ್ಲಿಪ್ಸ್ ಮುಚ್ಚಿದ್ದು ಏಕೆ? ಡೀನ್ ಮತ್ತು ಐರನ್‌ವುಡ್ ಅವರ ವಿಚ್ಛೇದನವೇ ಕಾರಣವೇ?

ವಿಚ್ಛೇದನ ಒಂದು ಕಾರಣ, ಒಂದೇ ಕಾರಣವಲ್ಲ. 1993ರಲ್ಲಿ ಅವರಿಬ್ಬರು ಬೇರೆಯಾದಾಗ ಸಂಸ್ಥೆಯ ಇಬ್ಬರು ಮುಖ್ಯ ನಿರ್ವಾಹಕರೇ ಬೇರೆಯಾದಂತಾಯಿತು. ಮನೆಯ ಬಿರುಕು ನೇರವಾಗಿ ಕಚೇರಿಗೂ ಹಬ್ಬಿತು. ಆದರೆ ಬುನಾದಿ ಅದಕ್ಕೆ ಮೊದಲೇ ಅಲುಗಿತ್ತು.

ಎಕ್ಲಿಪ್ಸ್ ಯಾವ ಶರತ್ತುಗಳಿಂದ ಕಲಾವಿದರನ್ನು ಸೆಳೆದಿತ್ತೋ ಅವು ಒಂದೊಂದಾಗಿ ಬೇರೆಡೆಯೂ ಸಿಗತೊಡಗಿದ್ದವು. ಡಿಸಿ 1981ರಲ್ಲಿ, ಒಂದು ಲಕ್ಷ ಪ್ರತಿ ಮೀರಿದ ಮಾರಾಟಕ್ಕೆ, ರಾಯಧನ ಘೋಷಿಸಿತು. ಮಾರ್ವೆಲ್ 1982ರಲ್ಲಿ ಆರಂಭಿಸಿದ ಎಪಿಕ್ ವಿಭಾಗದಲ್ಲಿ ಹಕ್ಕು ಸೃಷ್ಟಿಕರ್ತರಲ್ಲೇ ಉಳಿಯುವ ಕೃತಿಗಳು ಬಂದವು. 1986ರಲ್ಲಿ ಡಾರ್ಕ್ ಹಾರ್ಸ್ ಎಂಬ ಸ್ವತಂತ್ರ ಪ್ರಕಾಶನ ಹುಟ್ಟಿತು. 1992ರಲ್ಲಿ ಮಾರ್ವೆಲ್‌ನ ಅತ್ಯಂತ ಜನಪ್ರಿಯ ಕಲಾವಿದರು ಹೊರಬಂದು ಇಮೇಜ್ ಕಾಮಿಕ್ಸ್ ಕಟ್ಟಿದಾಗ ಸೃಷ್ಟಿಕರ್ತರ ಒಡೆತನ ಎಂಬುದು ಭಾರಿ ಲಾಭದ ದಾರಿಯೂ ಆಯಿತು. ಎಕ್ಲಿಪ್ಸ್ ಹಚ್ಚಿದ ದೀಪದ ಬೆಳಕಿನಲ್ಲಿ ಹೆಚ್ಚು ಹಣವುಳ್ಳವರು ಅಂಗಡಿ ತೆರೆದಿದ್ದರು. ಪ್ರವಾಹದಲ್ಲಿ ಹೋದ ದಾಸ್ತಾನು, 1987ರ ಕುಸಿತ, ಕೊಡಬೇಕಾದ ಬಾಕಿಗಳು ಸೇರಿ ಅದರ ಕೈಯಲ್ಲಿ ಪೈಪೋಟಿಗೆ ಬೇಕಾದ ಬಂಡವಾಳ ಉಳಿದಿರಲಿಲ್ಲ. 1993ರ ನಂತರ ಹೊಸ ಪ್ರಕಟಣೆಗಳು ನಿಂತವು, 1994ರಲ್ಲಿ ವ್ಯವಹಾರವೇ ನಿಂತಿತು, ಮರುವರ್ಷ ಸಂಸ್ಥೆ ದಿವಾಳಿ ಅರ್ಜಿ ಹಾಕಿತು.

ಎಕ್ಲಿಪ್ಸ್ ತನ್ನ ಕಲಾವಿದರಿಗೆ ಕೊಡಬೇಕಾದ್ದನ್ನು ಸರಿಯಾಗಿ ಕೊಟ್ಟಿತೇ?

ಎಲ್ಲರಿಗೂ, ಕೊನೆಯವರೆಗೂ ಕೊಡಲಿಲ್ಲ. ಕೊನೆಯ ವರ್ಷಗಳಲ್ಲಿ ರಾಯಧನ ಬಾಕಿ ಉಳಿದ ದೂರುಗಳು ಬಂದವು, ಸ್ಟುಡಿಯೊ ಪ್ರೋಟಿಯಸ್‌ನ ಟೋರೆನ್ ಸ್ಮಿತ್ ಬಾಕಿಗಾಗಿ ಸಂಸ್ಥೆಯನ್ನು ನ್ಯಾಯಾಲಯಕ್ಕೆ ಎಳೆದರು. ಎಕ್ಲಿಪ್ಸ್ ಅನ್ನು ಪ್ರೀತಿಸುವವರು ಈ ಸಂಗತಿಯನ್ನು ಮುಚ್ಚಿಡಬಾರದು. ಹಕ್ಕನ್ನು ಕಾಗದದಲ್ಲಿ ಬರೆದುಕೊಡುವುದು ಒಂದು, ಲೆಕ್ಕವನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದ ಔದಾರ್ಯ ಸಂಸ್ಥೆಗಿತ್ತು, ಎರಡನೆಯದಕ್ಕೆ ಬೇಕಾದ ಶಿಸ್ತು ಮತ್ತು ಹಣ ಅದರಲ್ಲಿ ಕಡಿಮೆಯಾಗುತ್ತ ಹೋಯಿತು. ಆದರೂ ಕಾಗದದಲ್ಲಿ ಬರೆದದ್ದು ವ್ಯರ್ಥವಾಗಲಿಲ್ಲ. ಹಕ್ಕು ಸ್ಪಷ್ಟವಾಗಿ ಸೃಷ್ಟಿಕರ್ತರದಾಗಿದ್ದ ಕೃತಿಗಳು ಸಂಸ್ಥೆಯೊಂದಿಗೆ ಮುಳುಗಲಿಲ್ಲ, ಹಕ್ಕು ಅಸ್ಪಷ್ಟವಾಗಿದ್ದದ್ದು ಮುಳುಗಿತು.

ಉಳಿದ ಆಸ್ತಿಯನ್ನು ಯಾರು ಕೊಂಡರು?

ಇಮೇಜ್ ಸ್ಥಾಪಕರಲ್ಲಿ ಒಬ್ಬರಾದ ಟಾಡ್ ಮೆಕ್‌ಫಾರ್ಲೇನ್ 1996ರಲ್ಲಿ ಒಟ್ಟು 25,000 ಡಾಲರ್‌ಗೆ ಕೊಂಡರು. ನೂರಾರು ಸಂಚಿಕೆಗಳ ಸಂಸ್ಥೆಯೊಂದಕ್ಕೆ ಇದು ಅಲ್ಪ ಮೊತ್ತ ಎನಿಸುತ್ತದೆ. ಆದರೆ ಅತ್ಯುತ್ತಮ ಕೃತಿಗಳಲ್ಲಿ ಹೆಚ್ಚಿನವು ಲೇಖಕ-ಕಲಾವಿದರ ಸ್ವತ್ತಾಗಿದ್ದರಿಂದ ಹರಾಜಿಗೆ ಬರುವಂಥದ್ದು ಸಂಸ್ಥೆಯ ಬಳಿ ಹೆಚ್ಚೇನೂ ಇರಲಿಲ್ಲ. ಆ ಸಣ್ಣ ಮೊತ್ತವನ್ನು ಎಕ್ಲಿಪ್ಸ್‌ಗೆ ಸಲ್ಲಬೇಕಾದ ಪ್ರಶಂಸೆ ಎಂದೇ ಓದಬೇಕು.

ಹಾಗಾದರೆ ‘ಮಿರಾಕಲ್‌ಮ್ಯಾನ್’ ಇಪ್ಪತ್ತು ವರ್ಷ ಸಿಗದೇ ಹೋದದ್ದು ಏಕೆ?

ಅದರ ಹಕ್ಕು ಪಾಲು ಪಾಲಾಗಿ ಕೈಯಿಂದ ಕೈಗೆ ದಾಟಿತ್ತು. ಎಕ್ಲಿಪ್ಸ್‌ಗೆ ಒಂದು ಪಾಲಿತ್ತು, ಮೂರ್ ತಮ್ಮ ಪಾಲನ್ನು ಗೇಮನ್ ಅವರಿಗೆ ಕೊಟ್ಟಿದ್ದರು, ಆಯಾ ಕಲಾವಿದರಿಗೆ ತಮ್ಮ ಚಿತ್ರಗಳ ಮೇಲೆ ಹಕ್ಕಿತ್ತು. ಎಕ್ಲಿಪ್ಸ್ ಪಾಲು ತಮ್ಮದಾಯಿತೆಂದು ಮೆಕ್‌ಫಾರ್ಲೇನ್ ನಂಬಿದರು, ಗೇಮನ್ ಒಪ್ಪಲಿಲ್ಲ. ಇಬ್ಬರ ನಡುವಿನ ಮೊಕದ್ದಮೆ ಮುಖ್ಯವಾಗಿ ಮೆಕ್‌ಫಾರ್ಲೇನ್ ಅವರ ‘ಸ್ಪಾನ್’ ಸರಣಿಗೆ ಗೇಮನ್ ಸೃಷ್ಟಿಸಿದ ಪಾತ್ರಗಳ ಕುರಿತದ್ದು. 2002ರಲ್ಲಿ ತೀರ್ಪುಗಾರರ ಮಂಡಳಿ ಗೇಮನ್ ಪರವಾಗಿ ನಿಂತಿತು, 2004ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ‘ಮಿರಾಕಲ್‌ಮ್ಯಾನ್’ ಕಗ್ಗಂಟು ಮಾತ್ರ ಅಲ್ಲಿ ಬಿಡಿಸಿಕೊಳ್ಳಲಿಲ್ಲ.

ಅದಕ್ಕಿಂತ ಹಿಂದಿನ ಪ್ರಶ್ನೆಯೂ ಒಂದಿತ್ತು: 1954ರ ಮೂಲ ಪಾತ್ರ ಯಾರದು? ಅದು ಇನ್ನೂ ಮಿಕ್ ಆಂಗ್ಲೊ ಅವರದೇ ಆಗಿದ್ದರೆ ನಂತರದವರ ಒಪ್ಪಂದಗಳೆಲ್ಲ ನಿಂತ ನೆಲವೇ ಗಟ್ಟಿಯಲ್ಲ. 2009ರಲ್ಲಿ ಮಾರ್ವೆಲ್ ಸಂಸ್ಥೆ ವೃದ್ಧರಾಗಿದ್ದ ಆಂಗ್ಲೊ ಅವರಿಂದಲೇ ಹಕ್ಕು ಕೊಂಡಿತು. 2014ರ ಜನವರಿಯಿಂದ ಮರುಮುದ್ರಣ ಶುರುವಾಯಿತು. ತಮ್ಮ ಹೆಸರು ಬೇಡವೆಂದ ಅಲನ್ ಮೂರ್ ಅವರನ್ನು ಅಲ್ಲಿ ‘ಮೂಲ ಲೇಖಕ’ ಎಂದಷ್ಟೇ ಉಲ್ಲೇಖಿಸಲಾಗಿದೆ. 1993ರಲ್ಲಿ ನಿಂತ ಗೇಮನ್-ಬಕಿಂಗ್‌ಹ್ಯಾಮ್ ಕಥೆ 2022ರಲ್ಲಿ ಮುಂದುವರಿಯಿತು.

ಎಕ್ಲಿಪ್ಸ್‌ನ ಉಳಿದ ಕೃತಿಗಳು ಈಗ ಸಿಗುತ್ತವೆಯೇ?

ಅನೇಕವು ಸಿಗುತ್ತವೆ. ‘ಜಾಟ್!’ನ ಕಪ್ಪು-ಬಿಳುಪು ಸಂಚಿಕೆಗಳನ್ನು ಹಾರ್ಪರ್‌ಕಾಲಿನ್ಸ್ 2008ರಲ್ಲಿ ಒಂದೇ ಸಂಪುಟವಾಗಿ ತಂದಿದೆ, ಪ್ರತಿ ಕಥೆಗೂ ಮೆಕ್ಲೌಡ್ ಬರೆದ ಟಿಪ್ಪಣಿ ಅದರಲ್ಲಿದೆ. ‘ಆಪಲ್‌ಸೀಡ್’ ಡಾರ್ಕ್ ಹಾರ್ಸ್‌ನಿಂದ, ‘ಏರ್‌ಬಾಯ್’ ಐಡಿಡಬ್ಲ್ಯೂ ಸಂಸ್ಥೆಯಿಂದ ಮರುಮುದ್ರಣವಾಗಿವೆ. ‘ಮಿಸ್ ಟ್ರೀ’ ಕೂಡ ಸಂಪುಟಗಳಾಗಿ ಬಂದಿದೆ. ಹಳೆಯ ಎಕ್ಲಿಪ್ಸ್ ಸಂಚಿಕೆಗಳನ್ನೇ ಹುಡುಕುವವರಿಗೆ ಬಹುಪಾಲು ಸಂಚಿಕೆಗಳು ಕೈಗೆಟಕುವ ಬೆಲೆಗೆ ಸಿಕ್ಕುತ್ತವೆ. ‘ಮಿರಾಕಲ್‌ಮ್ಯಾನ್’ 15ನೆಯ ಸಂಚಿಕೆ ಮಾತ್ರ ಸಂಗ್ರಾಹಕರ ನಡುವೆ ಮೊದಲಿನಿಂದಲೂ ದುಬಾರಿ.

ಡೀನ್ ಮಲೇನಿ ಆಮೇಲೆ ಏನು ಮಾಡಿದರು?

ಬಹುಕಾಲ ಕಾಮಿಕ್ಸ್‌ನಿಂದ ದೂರವಿದ್ದು, 2007ರಲ್ಲಿ ಐಡಿಡಬ್ಲ್ಯೂ ಸಂಸ್ಥೆಯ ಅಡಿಯಲ್ಲಿ ಲೈಬ್ರರಿ ಆಫ್ ಅಮೆರಿಕನ್ ಕಾಮಿಕ್ಸ್ ಎಂಬ ಪ್ರಕಾಶನ ವಿಭಾಗವನ್ನು ಆರಂಭಿಸಿದರು. ದಿನಪತ್ರಿಕೆಗಳಲ್ಲಿ ಬಂದು ಮರೆತುಹೋಗುತ್ತಿದ್ದ ಹಳೆಯ ಚಿತ್ರಪಟ್ಟಿಗಳನ್ನು ಸಿಕ್ಕ ಮಟ್ಟಿಗೆ ಒಳ್ಳೆಯ ಮೂಲಪ್ರತಿಗಳಿಂದ ಸಂಗ್ರಹಿಸಿ, ಲೇಖಕರ ಜೀವನ ಚರಿತ್ರೆಯೊಂದಿಗೆ ಗಟ್ಟಿ ರಟ್ಟಿನ ಸಂಪುಟಗಳಾಗಿ ತರುವುದು ಅದರ ಕೆಲಸ. ಮೊದಲು ಎತ್ತಿಕೊಂಡದ್ದು ಮಿಲ್ಟನ್ ಕ್ಯಾನಿಫ್ ಅವರ ‘ಟೆರಿ ಅಂಡ್ ದ ಪೈರೇಟ್ಸ್’. ಆ ಮಾಲೆಗೆ ಕಾಮಿಕ್ಸ್ ರಂಗದ ಐಸ್ನರ್ ಪ್ರಶಸ್ತಿ ಬಂದಿದೆ.